ಸಾಣೆ ಹಿಡಿಯದ ಅಲಗು

ನಮ್ಮಣ್ಣ ಸತ್ತ ಮೇಲೆ ಬೀದಿಯವರು ಆಡಿಕೊಂಡ ಮಾತು ನನ್ನ ಕಿವಿಗೂ ಬಿದ್ದಿದೆ. ವಯಸ್ಸಾಗಿ ತಲೆ ಕೆಟ್ಟಿತ್ತಂತೆ, ಹಿತ್ತಲಲ್ಲಿ ಕೂತು ಕಲ್ಲು ಒಡೆಯುತ್ತಿದ್ದನಂತೆ, ಹಾಗೇ ಹೋಗಿಬಿಟ್ಟನಂತೆ. ಈ ಅಂತೆಕಂತೆಗೆಲ್ಲ ಎಷ್ಟು ಜನರಿಗೆ ಉತ್ತರ ಕೊಡಲಿ? ಅವನ ತಲೆ ಕೆಟ್ಟಿರಲಿಲ್ಲ. ಹಟ ಹಿಡಿದಿದ್ದ. ಯಾಕೆ ಹಿಡಿದಿದ್ದ ಅನ್ನುವುದು ನನಗೆ ಗೊತ್ತು, ನನ್ನ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತು. ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡು ನನಗೆ ಸಾಕಾಗಿದೆ.

ಅಣ್ಣನದು ಸಾಣೆ ಹಿಡಿಯುವ ಕೆಲಸ. ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗೆ ಅವನ ಅಂಗಡಿ. ಅಂಗಡಿ ಅಂದರೆ ಒಂದು ಸಾಣೆಚಕ್ರ, ಒಂದು ಮಣೆ, ಅದರ ಮೇಲೆ ಅವನು, ಇನ್ನೊಂದಕ್ಕೆ ಜಾಗವಿಲ್ಲ. ಗಿರಾಕಿಗಳು ಬೀದಿಯಲ್ಲೇ ನಿಲ್ಲಬೇಕು. ಕಾಲಲ್ಲಿ ತುಳಿದು ಚಕ್ರ ತಿರುಗಿಸುತ್ತಿದ್ದ. ಕಟುಕರ ಕತ್ತಿ, ಮಾಲಿಗಳ ದೊಡ್ಡ ಕತ್ತರಿ, ಅಡುಗೆಮನೆಯ ಚಾಕು, ಎಲ್ಲವೂ ಅವನ ಕೈಗೇ ಬರಬೇಕು. ಹರಿತ ಬಂತೋ ಇಲ್ಲವೋ ಎಂದು ಎಡ ಮುಂಗೈಯ ರೋಮ ಬೋಳಿಸಿ ನೋಡುತ್ತಿದ್ದ. ಹಾಗಾಗಿ ಆ ಕೈ ವರ್ಷವಿಡೀ ಹಸುಗೂಸಿನ ಕೆನ್ನೆಯ ಹಾಗೆ ನುಣ್ಣಗಿರುತ್ತಿತ್ತು. ಯಾರಾದರೂ ಊಟಕ್ಕೆ ಕರೆದರೆ ನೆಟ್ಟಗೆ ಅಡುಗೆಮನೆಗೆ ನುಗ್ಗಿ, "ಚಾಕು ತನ್ನಿ, ನೋಡೋಣ" ಅನ್ನುತ್ತಿದ್ದ. ಮೊಂಡು ಚಾಕು ಇರುವ ಮನೆಯಲ್ಲಿ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ. ನನಗೋ ಮುಖ ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ.

ಕಲ್ಲಿಗೆ ನೀರು ಹಾಕಿಕೊಂಡು ಹಿಡಿದರೆ ಧೂಳು ಏಳುವುದಿಲ್ಲ, ಆದರೆ ಕೆಲಸ ನಿಧಾನ. ಗಿರಾಕಿ ಬೀದಿಯಲ್ಲಿ ನಿಂತು ಗಡಿಯಾರ ನೋಡುತ್ತಿರುವಾಗ ನೀರು ಯಾರು ಹಾಕುತ್ತಾರೆ? ಜೀವಮಾನವಿಡೀ ಒಣ ಕಲ್ಲಿನ ಮೇಲೇ ಹಿಡಿದ. ಸಂಜೆ ಮನೆಗೆ ಬಂದಾಗ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ಅವನ ಅಂಗಿಯನ್ನು ಹಿತ್ತಲಲ್ಲಿ ಕೊಡವಿಯೇ ನೀರಿಗೆ ಹಾಕುತ್ತಿದ್ದೆ. ಹೊರಗಿದ್ದದ್ದನ್ನು ಕೊಡವಿದೆವು. ಒಳಗೆ ಹೋದದ್ದರ ಯೋಚನೆ ನಮಗೆ ಯಾರಿಗೂ ಬರಲಿಲ್ಲ.

ನನ್ನದು ಹೊಲಿಗೆ. ಹೊಸದು ಹೊಲಿಯುವುದಕ್ಕಿಂತ ಹಳೆಯದನ್ನು ಬಿಚ್ಚುವುದೇ ಹೆಚ್ಚು: ದಪ್ಪಗಾದವರ ಕೋಟು ಬಿಡಿಸುವುದು, ಸಣ್ಣಗಾದವರ ಪ್ಯಾಂಟು ಹಿಡಿಸುವುದು. ಗಂಡನ ಮನೆ ಬಿಟ್ಟು ಬಂದ ದಿನ ನನ್ನ ಕೈಯಲ್ಲಿ ಇದ್ದದ್ದು ಒಂದು ಚೀಲ, ಒಂದು ಕತ್ತರಿ. ಯಾಕೆ ಬಂದೆ ಎಂದು ಅಣ್ಣ ಕೇಳಲಿಲ್ಲ. ಕತ್ತರಿ ತೆಗೆದುಕೊಂಡು ಅದರ ಅಂಚಿನ ಮೇಲೆ ಉಗುರು ಎಳೆದು, "ಅಯ್ಯೋ, ಇದನ್ನ ಹೀಗೆ ಕೊಂದವರು ಯಾರೇ?" ಎಂದ. ಅಂಗಡಿಗೆ ಹೋಗಿ ಅದನ್ನು ಹರಿತ ಮಾಡಿ ತಂದುಕೊಟ್ಟ. ಮುಂದಿನ ಕೋಣೆಯಿಂದ ತನ್ನ ಮಂಚ ಎಳೆದು ಹಿಂದಿನ ಕೋಣೆಗೆ ಹಾಕಿಕೊಂಡ, ನನ್ನ ಮಿಷನ್ನಿಗೆ ಬೆಳಕು ಬೇಕಲ್ಲ ಎಂದು. ಸಮಾಧಾನ ಹೇಳುವುದಕ್ಕೆ ಅವನಿಗೆ ಬರುತ್ತಿದ್ದದ್ದು ಅಷ್ಟೇ, ನನಗೆ ಅದೇ ಸಾಕಾಯಿತು. ಅಲ್ಲಿಂದ ಮುಂದೆ ನನ್ನ ಕತ್ತರಿ ಅವನ ಕೈ ಬಿಟ್ಟು ಇನ್ನೊಬ್ಬರ ಕೈ ಕಂಡಿರಲಿಲ್ಲ.

ಕೆಮ್ಮು ಶುರುವಾದಾಗ ನೆಗಡಿ ಅಂದುಕೊಂಡೆವು. ಮೆಟ್ಟಿಲು ಹತ್ತಲು ಏದುಸಿರು ಬಂದಾಗ ವಯಸ್ಸು ಅಂದುಕೊಂಡೆವು. ಕೊನೆಗೆ ಡಾಕ್ಟರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. "ಇದೆಲ್ಲ ಕಲ್ಲಿನ ಧೂಳು. ಒಳಗೆ ಕೂತದ್ದು ಹೊರಗೆ ಬರಲ್ಲ. ಇರೋ ಉಸಿರನ್ನ ಉಳಿಸ್ಕೋಬೇಕು ಅಂದ್ರೆ ಇನ್ನು ಒಂದು ಚಿಟಿಕೆ ಧೂಳೂ ಸೇರಬಾರದು" ಎಂದರು. ಅಂಗಡಿ ಮುಚ್ಚಿತು. ಚಕ್ರ ಇಳಿಸುವಾಗ ಕಲ್ಲು ಕೈಜಾರಿ ಬಿದ್ದು ಒಡೆಯಿತು. ಅದರದೊಂದು ದಪ್ಪ ಚೂರನ್ನು ಅಣ್ಣ ಮನೆಗೆ ತಂದು ತನ್ನ ಕೋಣೆಯ ಬಾಗಿಲಿಗೆ ಒತ್ತಾಗಿ ಇಟ್ಟ. ಆ ಬಾಗಿಲು ತಾನಾಗಿ ಮುಚ್ಚಿಕೊಳ್ಳುವ ಜಾತಿಯದು. ತೆರೆದಿದ್ದರೆ ಮಿಷನ್ ಮುಂದೆ ಕೂತ ನನಗೆ ಒಳಗಿನ ಆಕ್ಸಿಜನ್ ಯಂತ್ರದ ಸದ್ದೂ ಅವನ ಉಸಿರೂ ಕೇಳುತ್ತಿತ್ತು.

ಇತ್ತ ನನ್ನ ಕತ್ತರಿ ಮೊಂಡಾಗುತ್ತ ಬಂತು. ಅವನ ಹತ್ತಿರ ಹೇಳುವ ಹಾಗಿಲ್ಲ, ಹೇಳಿದರೆ ಎದ್ದು ಕೂರುತ್ತಾನೆ. ಬಟ್ಟೆ ಕತ್ತರಿಸುವ ಬದಲು ಅಗಿಯುತ್ತಿದ್ದ ಕತ್ತರಿಯನ್ನು ಮಾರ್ಕೆಟ್ಟಿನ ಪಕ್ಕದ ಇನ್ನೊಬ್ಬ ಸಾಣೆಯವನ ಹತ್ತಿರ ಕದ್ದುಮುಚ್ಚಿ ತೆಗೆದುಕೊಂಡು ಹೋದೆ. ಮಾರನೇ ದಿನ ಅಣ್ಣ ಗೋಡೆ ಹಿಡಿದುಕೊಂಡು ಮುಂದಿನ ಕೋಣೆಗೆ ಬಂದವನು ಸುಮ್ಮನೆ ಕತ್ತರಿ ಎತ್ತಿಕೊಂಡು ಉಗುರು ಎಳೆದ.

"ಯಾರ ಕೈ ಇದು?" ಎಂದ.

"ಯಾರದಾದ್ರೇನು? ನೀನು ಹಿಡಿಯೋ ಹಾಗಿಲ್ಲ, ನಾನು ಹಲ್ಲಲ್ಲಿ ಕಚ್ಚಿ ಹೊಲಿಗೆ ಬಿಚ್ಚಲಾ?"

"ಕೆಟ್ಟದಾಗೇನೂ ಹಿಡಿದಿಲ್ಲ" ಎಂದು ಕತ್ತರಿಯನ್ನು ಇದ್ದಲ್ಲೇ ಇಟ್ಟು ಒಳಗೆ ಹೋದ. ಬೈದಿದ್ದರೆ ಚೆನ್ನಾಗಿತ್ತು. ಎರಡು ಹೊತ್ತು ಊಟ ಬಿಟ್ಟು ಗೋಡೆ ನೋಡುತ್ತ ಮಲಗಿದ.

ಆಗ ಬಂದದ್ದು ಮೀಸೆ. ಮೀಸೆ ಅಂದರೆ ಮ್ಯೂಸಿಯಂ ಕಾವಲುಗಾರ, ಅಣ್ಣನ ಹಳೇ ಸ್ನೇಹಿತ. ಮನುಷ್ಯನಿಗಿಂತ ಮುಂಚೆ ಮೀಸೆ ಬಾಗಿಲೊಳಗೆ ಬರುವುದರಿಂದ ಎಲ್ಲರ ಬಾಯಲ್ಲೂ ಅವರಿಗೆ ಅದೇ ಹೆಸರು. ಜೇಬಿನಿಂದ ಕರವಸ್ತ್ರ ತೆಗೆದು ಬಿಚ್ಚಿದರು. ಒಳಗೆ ತೆಳ್ಳನೆಯ ಒಂದು ಕಲ್ಲಿನ ಚಕ್ಕೆ. ಪಕ್ಕದಲ್ಲಿದ್ದ ಪೇಪರನ್ನು ಅದರಿಂದ ಸರ್ರನೆ ಸೀಳಿ ತೋರಿಸಿದರು.

"ಷೋಕೇಸಿಂದ ಎತ್ಕೊಂಡು ಬಂದ್ರಾ?" ಎಂದೆ.

"ಥೂ, ನನ್ನ ಕೆಲಸ ಕಳೀಬೇಕು ಅಂತಿದ್ದೀಯೇನಮ್ಮ? ನಾನೇ ಕಟ್ಟಡದ ಹಿಂದೆ ಕೂತು ಒಡೆದದ್ದು. ಚಕಮಕಿ ಕಲ್ಲು. ಹಳೇ ಕಾಲದವರು ಹೀಗೇ ಚಾಕು ಮಾಡ್ಕೋತಿದ್ರು ಅಂತ ಯಾರೋ ಬಂದು ಶಾಲೆ ಮಕ್ಕಳಿಗೆ ತೋರಿಸಿದ್ರು. ನಾನೂ ನೋಡಿ ಕಲಿತೆ. ಕಲಿತೆ ಅಂದ್ರೇನು, ಬೆರಳು ಕುಯ್ಕೊಂಡೆ."

ಅಣ್ಣ ಎದ್ದು ಕೂತ. ಚಕ್ಕೆಯ ಅಂಚಿನ ಮೇಲೆ ಉಗುರು ಎಳೆದ. ಉಗುರಿನಿಂದ ಸಣ್ಣ ಸಿಬಿರು ಎದ್ದು ಬಂತು.

"ಇದಕ್ಕೆ ಸಾಣೆ ಹಿಡಿದವರು ಯಾರು?"

"ಯಾರೂ ಇಲ್ಲ. ಒಡೆದಾಗ ಹಾಗೇ ಬರತ್ತೆ."

"ಚಕ್ರ ಬೇಡವಾ?"

"ಚಕ್ರ ಇಲ್ಲ, ಏನಿಲ್ಲ. ಒಂದು ಏಟು, ಅಷ್ಟೇ."

ಆ ಹೊತ್ತಿಗೇ ನನಗೆ ಗೊತ್ತಾಯಿತು, ನಮ್ಮ ಮನೆಗೆ ಕಲ್ಲು ಬರುತ್ತದೆ ಎಂದು. ಮೀಸೆಯವರನ್ನು ಬಾಗಿಲ ಹೊರಗೆ ನಿಲ್ಲಿಸಿಕೊಂಡು, "ಕಲ್ಲಿನ ಧೂಳಿಂದ ಸಾಯ್ತಿರೋನಿಗೆ ಕಲ್ಲು ತಂದು ತೋರಿಸಿದ್ದೀರಲ್ಲ, ನಿಮಗೇನು ಹೇಳೋರು ಕೇಳೋರು ಇಲ್ವಾ?" ಎಂದು ಬಾಯಿಗೆ ಬಂದ ಹಾಗೆ ಅಂದೆ. ಪಾಪ, ಮೀಸೆ ಇಳಿಬಿಟ್ಟುಕೊಂಡು ನಿಂತಿದ್ದರು. "ಏನಾದ್ರೂ ಕೈಗೆ ಸಿಕ್ಕರೆ ಊಟ ಮಾಡ್ತಾನೇನೋ ಅಂದ್ಕೊಂಡೆನಮ್ಮ" ಎಂದರು. ಅದು ನಿಜ. ಆ ದಿನ ಊಟ ಮಾಡಿದ.

ನಾನೂ ಸುಮ್ಮನೆ ಬಿಡಲಿಲ್ಲ, ಷರತ್ತು ಹಾಕಿದೆ. ಕೋಣೆಯೊಳಗೆ ಒಂದು ಹರಳೂ ಒಡೆಯಕೂಡದು. ಹಿತ್ತಲಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಮೂಗು ಬಾಯಿ ಕಟ್ಟಿಕೊಂಡು, ಕನ್ನಡಕ ಹಾಕಿಕೊಂಡು, ನೆಲ ನೆನೆಸಿಕೊಂಡು ಮಾಡಬೇಕು. ಬಿದ್ದ ಪುಡಿಯನ್ನು ಪೊರಕೆಯಲ್ಲಿ ಗುಡಿಸುವುದಲ್ಲ, ಒದ್ದೆ ಬಟ್ಟೆಯಲ್ಲಿ ನಾನೇ ಒರೆಸುತ್ತೇನೆ. ಎಲ್ಲದಕ್ಕೂ ಹೂಂ ಎಂದ.

ಮೊದಲು ಕಲ್ಲು ಮುಟ್ಟುವುದು ಬೇಡ, ಗಾಜು ಒಡೆದು ಕೈ ಕೂರಿಸಿಕೋ ಎಂದು ಮೀಸೆ ದಪ್ಪ ಬಾಟಲಿಗಳ ತಳ ತಂದುಕೊಟ್ಟರು. ತೊಡೆಯ ಮೇಲೆ ಹಳೇ ಚರ್ಮದ ಚೀಲ ಮಡಿಸಿ ಹಾಕಿಕೊಂಡು, ಅಂಗೈ ತುಂಬುವ ಒಂದು ಉರುಟು ಕಲ್ಲನ್ನು ಸುತ್ತಿಗೆ ಮಾಡಿಕೊಂಡು ಅಣ್ಣ ಕೂತ.

"ನಡುವೆ ಹೊಡೀಬೇಡ, ಅಂಚಿನ ಹತ್ತಿರ ಹೊಡಿ. ಸ್ವಲ್ಪ ಓರೆಯಾಗಿ ಹಿಡ್ಕೋ. ಮೇಲೆ ಏಟು ಬಿದ್ರೆ ಕೆಳಗಿಂದ ಚಕ್ಕೆ ಏಳತ್ತೆ" ಎಂದು ಮೀಸೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹೇಳುತ್ತಿದ್ದರು.

ಚಕ್ಕೆ ಏಳಲಿಲ್ಲ. ಗಾಜು ಪುಡಿಯಾಯಿತು, ನಡುವೆ ಮುರಿಯಿತು, ಒಮ್ಮೆ ಅವನ ಹೆಬ್ಬೆರಳೇ ಜಜ್ಜಿತು. ಕಲ್ಲಿಗೆ ಬಂದ ಮೇಲೂ ಅದೇ ಕಥೆ. ಒಂದು ಏಟು ಹೊಡೆದರೆ ಉಸಿರು ಹಿಡಿಯಲು ಎಷ್ಟೋ ಹೊತ್ತು ಗೋಡೆಗೆ ಒರಗಬೇಕು. ಅಷ್ಟು ಕಷ್ಟಪಟ್ಟು ಹೊಡೆದ ಏಟಿಗೆ ಸಿಗುತ್ತಿದ್ದದ್ದು ಉಗುರಿನ ಚೂರಿನಂಥ ಹರಳು.

ಒಂದು ದಿನ ಮೀಸೆ ಅವನ ಕೈಯಿಂದ ಕಲ್ಲು ಕಿತ್ತುಕೊಂಡು ನೋಡಿ ತಲೆ ಚಚ್ಚಿಕೊಂಡರು. "ಅಯ್ಯೋ ಪುಣ್ಯಾತ್ಮ, ಅಂಚನ್ನ ಇಷ್ಟು ತೆಳ್ಳಗೆ ಯಾಕೆ ಮಾಡಿದ್ದೀಯ?"

"ಹರಿತ ಇರಲಿ ಅಂತ."

"ಹೊಡೆಯೋ ಮುಂಚೆ ಮೊಂಡಿರಬೇಕಪ್ಪ! ಒರಟು ಕಲ್ಲಿಗೆ ಉಜ್ಜಿ ಅಂಚನ್ನ ಮೊಂಡು ಮಾಡ್ಕೋಬೇಕು. ತೆಳ್ಳಗಿದ್ರೆ ಏಟು ತಡ್ಕೊಳ್ಳದೆ ಪುಡಿಯಾಗತ್ತೆ. ಮೊಂಡಿದ್ರೆ ಏಟು ಒಳಗೆ ಹೋಗಿ ಉದ್ದ ಚಕ್ಕೆ ಎಬ್ಬಿಸತ್ತೆ. ಎಷ್ಟು ಸಲ ಹೇಳಿಲ್ಲ?"

ಹೇಳಿದ್ದರು. ಅಣ್ಣ ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ. ಅವನ ಕೈ ಅಂಚು ಕಂಡ ಕೂಡಲೇ ಅದನ್ನು ತೆಳ್ಳಗೆ ಮಾಡುವುದಕ್ಕೇ ಹೋಗುತ್ತಿತ್ತು. ಜೀವಮಾನವಿಡೀ ಬೇರೇನು ಮಾಡಿತ್ತು ಆ ಕೈ? "ನನ್ನ ಕೈಯಿಂದ ಅಂಚು ಮೊಂಡಾಗೋದಾ? ಅದು ಈ ಜನ್ಮದಲ್ಲಿ ಆಗದ ಮಾತು" ಎಂದುಬಿಟ್ಟ. ಮೀಸೆ ಸಿಟ್ಟು ಮಾಡಿಕೊಂಡು ಎದ್ದು ಹೋದರು. ನನಗೆ ಒಳಗೊಳಗೇ ಖುಷಿ. ಕಲ್ಲಿಗೆ ಕಲ್ಲು ಉಜ್ಜಿದರೆ ಏಳುವುದು ಅದೇ ಧೂಳು ತಾನೇ? ಉಜ್ಜದಿದ್ದರೆ ಉಜ್ಜದಿರಲಿ, ಚಕ್ಕೆ ಬಾರದಿದ್ದರೆ ಬಾರದಿರಲಿ, ಬೇಜಾರಾಗಿ ತಾನೇ ಬಿಡುತ್ತಾನೆ ಅಂದುಕೊಂಡೆ.

ಬಿಡಲಿಲ್ಲ. ಕೆಮ್ಮಿದಾಗ ಮುಖಕ್ಕೆ ಕಟ್ಟಿದ ಬಟ್ಟೆಯಲ್ಲಿ ರಕ್ತ ಕಂಡ ದಿನ ನನ್ನ ತಾಳ್ಮೆ ಹರಿಯಿತು. ಕಲ್ಲು, ಗಾಜು, ಚರ್ಮ ಎಲ್ಲ ಗೋಣಿಗೆ ತುಂಬಿ ಬೀದಿ ತುದಿಯ ಕಸದ ತೊಟ್ಟಿಗೆ ಎಸೆದು ಬಂದೆ. ಅಣ್ಣ ಮಂಚದ ಮೇಲಿದ್ದ. ಮೂಗಿಗೆ ನಳಿಗೆ.

"ಎಸೆದೆಯಾ?"

"ಎಸೆದೆ. ಬೈಯೋದಿದ್ರೆ ಬೈಯಿ."

ಬೈಯಲಿಲ್ಲ. ತಡೆತಡೆದು ಹೇಳಿದ. "ನೀನು ಈ ಮನೆಗೆ ಬಂದಾಗಿಂದ ನಿನಗೆ ಅಂತ ನಾನು ಏನು ಕೊಟ್ಟಿದ್ದೀನಿ? ಸೀರೆ ತಂದಿಲ್ಲ, ಬಳೆ ತಂದಿಲ್ಲ. ಕತ್ತರಿಗೆ ಸಾಣೆ ಹಿಡಿದುಕೊಟ್ಟೆ, ಅಷ್ಟೇ. ಈಗ ಅದಕ್ಕೂ ಬೇರೆಯವನ ಕೈ ಬಿತ್ತು. ನಾನು ಹೋದ ಮೇಲೆ ನಿನ್ನ ಮಿಷನ್ ಮೇಲೆ ನನ್ನ ಕೈಯ ಒಂದು ಹರಿತ ಇರಬೇಕು ಕಣೇ. ಚಕ್ರ ತುಳಿಯೋಕೆ ಕಾಲಿಲ್ಲ. ಇದಾದ್ರೆ ಒಂದೇ ಏಟು ಅಂತ..."

ನಾನು ಅಲ್ಲಿ ನಿಲ್ಲಲಾರದೆ ಹೊರಗೆ ಹೋದೆ. ಹೋಗಿ ಎಲ್ಲಿ ನಿಂತೆ ಗೊತ್ತೇ? ಕಸದ ತೊಟ್ಟಿಯ ಮುಂದೆ. ಹಗಲು ಹೊತ್ತಿನಲ್ಲಿ, ಬೀದಿಯವರೆಲ್ಲ ನೋಡುತ್ತಿರುವಾಗ, ಸೊಂಟ ಬಗ್ಗಿಸಿ ಕೈ ಹಾಕಿ ಗೋಣಿ ಎಳೆದುಕೊಂಡೆ. ಪಕ್ಕದ ಮನೆಯವಳು "ಏನು ಕಳಕೊಂಡ್ರಿ?" ಎಂದಳು. "ಬುದ್ಧಿ ಕಳಕೊಂಡೆ, ಸಿಕ್ಕಿದ್ರೆ ಕೊಡಿ" ಎಂದು ಗೋಣಿ ಹೊತ್ತುಕೊಂಡು ಬಂದೆ.

"ಒಂದೇ ಒಂದು ಮಾಡು. ಆದರೆ ಅಂಚು ಉಜ್ಜೋದನ್ನ ನೀರೊಳಗೆ ಉಜ್ಜು, ಬೋಗುಣಿ ನಾನು ಹಿಡೀತೀನಿ. ಉಜ್ಜದೆ ಹೊಡೆದು ಹೊಡೆದು ಉಸಿರು ಹಾಳುಮಾಡ್ಕೊಳ್ಳೋದು ಸಾಕು" ಎಂದೆ.

ಮೀಸೆಯವರನ್ನೂ ಕರೆಸಿದೆವು. ಹಿತ್ತಲಲ್ಲಿ ಬೋಗುಣಿಯ ನೀರೊಳಗೆ ಅಣ್ಣ ಎರಡು ಕೈಯನ್ನೂ ಮುಳುಗಿಸಿ, ಒಂದು ಒರಟು ಕಲ್ಲಿಗೆ ಚಕಮಕಿ ಕಲ್ಲಿನ ಅಂಚನ್ನು ಉಜ್ಜತೊಡಗಿದ. ಅವನ ಮುಖ ನೋಡಲಾಗುತ್ತಿರಲಿಲ್ಲ. ಒಳ್ಳೆಯ ಚಾಕುವನ್ನು ಯಾರೋ ಕಲ್ಲಿಗೆ ಕುಟ್ಟುವಾಗ ಹಿಂದೆ ಹೀಗೇ ಮುಖ ಕಿವುಚುತ್ತಿದ್ದ. ನೀರು ಬೆಳ್ಳಗಾಯಿತು. ಇಷ್ಟೂ ಬಿಳುಪು ಅವನ ಎದೆಯೊಳಗೆ ಇದೆಯಲ್ಲ ಎಂದುಕೊಂಡೆ. ಆಮೇಲೆ ಕಲ್ಲು ಒರೆಸಿ, ತೊಡೆಯ ಮೇಲಿಟ್ಟು, ಉಸಿರು ಕೂಡಿಸಿಕೊಂಡು ಹೊಡೆದ.

ಸದ್ದೇ ಬೇರೆ. ಒಡೆದ ಸದ್ದಲ್ಲ, ಗಾಜಿನ ಲೋಟಕ್ಕೆ ಚಮಚ ತಾಗಿದ ಸದ್ದು. ಕೆಳಗಿನಿಂದ ಚರ್ಮದ ಮೇಲೆ ಒಂದು ಚಕ್ಕೆ ಬಿತ್ತು, ನನ್ನ ತೋರುಬೆರಳಿನಷ್ಟು ಉದ್ದ, ತೆಳ್ಳಗೆ, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಜೇನಿನ ಬಣ್ಣ. "ಬಂತಪ್ಪ, ಅಲಗೇ ಬಂತು!" ಎಂದು ಮೀಸೆ ಕೂಗಿದರು. ಅಣ್ಣ ಅಲಗನ್ನು ಎತ್ತಿಕೊಂಡ. ಎಡಗೈಯ ತೋಳು ಸರಿಸಿದ. ಅಂಗಡಿ ಮುಚ್ಚಿದ ಮೇಲೆ ಆ ಕೈಯಲ್ಲಿ ರೋಮ ಬೆಳೆದಿತ್ತು, ಬಿಳಿ ರೋಮ. ಅಲಗನ್ನು ಮೆತ್ತಗೆ ಎಳೆದ. ಎಳೆದಷ್ಟು ಜಾಗ ನುಣ್ಣಗಾಯಿತು.

"ತಗೋ" ಎಂದು ನನ್ನ ಕೈಗಿತ್ತ. ನಾವು ಮೂವರೂ ನಗುತ್ತಿದ್ದೆವು. ಆ ವರ್ಷ ನಮ್ಮ ಮನೆಯಲ್ಲಿ ಯಾರಾದರೂ ನಕ್ಕದ್ದು ಅವತ್ತೇ ಇರಬೇಕು.

ಒಳಗೆ ಹೋಗಿ ಒಂದು ಕೋಟಿನ ತೋಳಿನ ಹೊಲಿಗೆಗೆ ಅದನ್ನು ಹಚ್ಚಿದೆ. ದಾರ ಕತ್ತರಿಸುತ್ತಿದೆ ಅನ್ನುವುದೇ ಗೊತ್ತಾಗಲಿಲ್ಲ, ಅಷ್ಟು ಸಲೀಸು. ಆದರೆ ಅಲಗಿಗೆ ಎರಡೂ ಕಡೆ ಹರಿತ. ಒತ್ತಿ ಹಿಡಿದಿದ್ದ ಹೆಬ್ಬೆರಳು ಕುಯ್ದು ರಕ್ತ ತೊಟ್ಟಿಕ್ಕಿತು. ಬಾಗಿಲಲ್ಲಿ ನಿಂತಿದ್ದ ಅಣ್ಣ ಅದನ್ನು ನೋಡಿಬಿಟ್ಟ.

"ಬೆನ್ನು ಮೊಂಡು ಮಾಡ್ಬೇಕು. ಕೊಡಿಲ್ಲಿ" ಎಂದ.

"ಏನೂ ಬೇಡ, ಬಟ್ಟೆ ಸುತ್ತಿ ಹಿಡ್ಕೋತೀನಿ."

"ಬಟ್ಟೆ ಸುತ್ತಿದ್ರೆ ಜಾರತ್ತೆ. ಇನ್ನೂ ಜಾಸ್ತಿ ಕುಯ್ಯತ್ತೆ."

"ಅಣ್ಣಾ, ಒಂದೇ ಅಂದಿದ್ದೆ, ಒಂದು ಆಯ್ತು. ಇನ್ನು ಕಲ್ಲು ಮುಟ್ಟಿದ್ರೆ ನನ್ನ ಮೇಲಾಣೆ."

"ಆಯ್ತು ಕಣೇ" ಎಂದ. ನೋಡುತ್ತಿರುತ್ತೇನೆ ಎಂದು ಅಲಗನ್ನು ಕೇಳಿ ಇಸಕೊಂಡು ತಲೆದಿಂಬಿನ ಪಕ್ಕ ಇಟ್ಟುಕೊಂಡ. ನಾನೂ ಕೊಟ್ಟೆ, ನೋಡಿಕೊಂಡಿರಲಿ ಎಂದು.

ಅದಾದ ಮೇಲೆ ಅವನು ಹಿತ್ತಲಿಗೆ ಇಳಿಯಲಿಲ್ಲ, ಇಳಿಯುವ ಶಕ್ತಿಯೇ ಉಳಿಯಲಿಲ್ಲ. ಮಾತಾಡಿದರೆ ಕೆಮ್ಮು, ಕೆಮ್ಮಿದರೆ ತುಟಿ ನೀಲಿ. ಡಾಕ್ಟರು ಬಂದು ನೋಡಿ ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಹೆಚ್ಚು ದಿನ ಇಲ್ಲ, ಪಕ್ಕದಲ್ಲೇ ಇರಿ ಎಂದರು. ಇದ್ದೆ. ಮಿಷನ್ನನ್ನು ಅವನ ಬಾಗಿಲ ಎದುರಿಗೆ ತಿರುಗಿಸಿಕೊಂಡು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ.

ಆ ದಿನ ಹೊಲಿದ ಬಟ್ಟೆ ಕೊಡಲು ಎರಡು ಬೀದಿ ಆಚೆ ಹೋಗಬೇಕಾಗಿತ್ತು. "ಹೋಗಿ ಬಾ, ನಾನೆಲ್ಲಿ ಓಡಿಹೋಗ್ತೀನಿ" ಎಂದ, ನಕ್ಕ ಕೂಡ. ಹೋದೆ, ಬೇಗ ಬಂದೆ. ಮನೆಯೊಳಗೆ ಕಾಲಿಡುತ್ತಿದ್ದ ಹಾಗೆ ಏನೋ ಸರಿಯಿಲ್ಲ ಅನ್ನಿಸಿತು. ಯಂತ್ರದ ಸದ್ದು ಕೇಳುತ್ತಿರಲಿಲ್ಲ. ಅವನ ಕೋಣೆಯ ಬಾಗಿಲು ಮುಚ್ಚಿತ್ತು. ಒತ್ತಾಗಿ ಇಟ್ಟಿದ್ದ ಸಾಣೆಕಲ್ಲಿನ ಚೂರು ಅಲ್ಲಿರಲಿಲ್ಲ.

ತೆರೆದೆ. ಒಳಗೆ ಯಂತ್ರ ತನ್ನ ಪಾಡಿಗೆ ನಡೆಯುತ್ತಿತ್ತು, ನಳಿಗೆ ಅವನ ಮೂಗಿನಲ್ಲೇ ಇತ್ತು. ದಿಂಬಿಗೆ ಒರಗಿ ಕೂತಿದ್ದ. ಆ ಕಲ್ಲಿನ ಚೂರು ಅವನ ತೊಡೆಯ ಮೇಲಿತ್ತು. ಮಂಚದಿಂದ ಬಾಗಿಲವರೆಗೆ ನಡೆದು, ಅದನ್ನು ಎತ್ತಿಕೊಂಡು, ಮತ್ತೆ ಮಂಚ ಹತ್ತಿದ್ದಾನೆ, ಚಮಚ ಎತ್ತಲಾಗದ ಮನುಷ್ಯ. ಹೊದಿಕೆಯ ಮೇಲೆ, ಎದೆಯ ಮೇಲೆ, ಹುಬ್ಬಿನ ಮೇಲೆ ಬಿಳೀ ಧೂಳು, ಹಿಂದೆ ಅಂಗಡಿಯಿಂದ ಬರುತ್ತಿದ್ದಾಗ ಇರುತ್ತಿದ್ದ ಹಾಗೆ. ಅಲಗು ಬೆರಳುಗಳ ನಡುವೆ ಇತ್ತು. ಉಸಿರು ಇರಲಿಲ್ಲ.

ಬೈದೆ. ಸತ್ತವನನ್ನು ಹಿಡಿದು ಅಲುಗಾಡಿಸಿ ಬೈದೆ. ನನ್ನ ಮೇಲೆ ಆಣೆ ಹಾಕಿದ್ದೆನಲ್ಲೋ, ನಿನಗೆ ಯಾರು ಹೇಳಿದ್ದರು, ಬಟ್ಟೆ ಸುತ್ತಿ ಹಿಡ್ಕೋತೀನಿ ಅಂದಿದ್ದೆನಲ್ಲೋ ಎಂದು ಬೀದಿಗೆ ಕೇಳುವ ಹಾಗೆ ಕೂಗಾಡಿದೆ. ಹೇಗಿದ್ದರೂ ಆ ವಾರ ದಾಟುತ್ತಿರಲಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು. ನನಗೆ ಅದರಿಂದ ಏನಾಗಬೇಕು? ಆ ವಾರ ನನ್ನದಾಗಿತ್ತು, ಅದನ್ನು ಅವನು ಉಜ್ಜಿ ಕಳೆದ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಯುವುದೂ ಬೇಡ.

ಅಲಗು ಈಗ ಮಿಷನ್ ಮೇಲಿದೆ. ಹೊಲಿಗೆ ಬಿಚ್ಚುವುದೆಲ್ಲ ಅದರಲ್ಲೇ. ಒಂದು ಅಂಚು ಅವತ್ತಿನ ಹಾಗೇ ಇದೆ, ದಾರದ ಮೇಲೆ ಇಟ್ಟರೆ ಸಾಕು. ಇನ್ನೊಂದನ್ನು ಅವನು ಉಜ್ಜಿ ಮೊಂಡು ಮಾಡಿದ್ದಾನೆ, ಹೆಬ್ಬೆರಳು ಒತ್ತಿದರೆ ಎಲ್ಲೂ ಚುಚ್ಚುವುದಿಲ್ಲ. ತುದಿಯ ಹತ್ತಿರ ಉಗುರಿನಷ್ಟು ಜಾಗ ಮಾತ್ರ ಇನ್ನೂ ಹರಿತವಾಗಿದೆ. ಅಲ್ಲಿಯವರೆಗೆ ಉಜ್ಜಿದ್ದಾನೆ. ಮೀಸೆ ಒಮ್ಮೆ ಬಂದಾಗ ಅದನ್ನು ನೋಡಿ, "ಕೊಡಮ್ಮ, ಅಷ್ಟನ್ನ ನೀರಲ್ಲಿಟ್ಟು ನಾನು ಉಜ್ಜಿಕೊಡ್ತೀನಿ" ಎಂದು ಕೈ ಚಾಚಿದರು. "ಮುಟ್ಟಿದ್ರೆ ನೋಡಿ" ಎಂದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಹೊಲಿಗೆ ಬಿಚ್ಚುತ್ತ ಬಿಚ್ಚುತ್ತ ಬೆರಳು ಆ ಜಾಗಕ್ಕೆ ಬಂದಾಗ ನಾನು ಎತ್ತಿಕೊಳ್ಳುತ್ತೇನೆ, ದಾಟಿಸಿ ಆಚೆ ಇಡುತ್ತೇನೆ.